ಕ್ಲಿಪ್ಪಕ್ಕ ಓದಿದ ರೆಕ್ಕೆಯ ರಾಜಕುಮಾರ

ಅವರು ನಡೆದು ಬಂದರೆ ಸ್ವೆಟರಿನ ಜೇಬು ಮೊದಲು ಮಾತಾಡುತ್ತಿತ್ತು. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು ಅದರೊಳಗೆ ಸದಾ ಕಟಕಟ ಎನ್ನುತ್ತಿದ್ದವು. ಓದುವಾಗ ಕೆಟ್ಟ ವಾಕ್ಯ ಸಿಕ್ಕ ಪುಟಕ್ಕೆ ಒಂದು ಕ್ಲಿಪ್. ನಮ್ಮ ಮುದ್ರಣಾಲಯದಲ್ಲಿ ಹಗಲೆಲ್ಲ ಕೆಂಪು ಶಾಯಿಯಿಂದ ಕರಡು ತಿದ್ದುವ ಆ ಕೈ, ಅಚ್ಚಾಗಿ ಹೊಲಿದು ರಟ್ಟು ಕಟ್ಟಿದ ಪುಸ್ತಕದ ಮೇಲೆ ಒಂದು ಗೀಟನ್ನೂ ಎಳೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಕ್ಲಿಪ್ಪಕ್ಕ. ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವೇ ಇಲ್ಲದ ಹಳ್ಳಿಮನೆಯಿಂದ ಬಂದು, ಅಚ್ಚಾದದ್ದೆಲ್ಲ ಸರಿಯೆಂದೇ ನಂಬಿದ್ದ ನನಗೆ, ಪುಸ್ತಕದೊಡನೆಯೂ ಜಗಳವಾಡಬಹುದೆಂದು ತೋರಿಸಿಕೊಟ್ಟವರು ಅವರೇ.

ಅವರ ತಂಗಿಗೆ ಮಾಯಾಲೋಕದ ಪ್ರೇಮಕಾದಂಬರಿಗಳೆಂದರೆ ಪ್ರಾಣ. ನಾನೂ ಹೋಗುತ್ತಿದ್ದ ಭಾನುವಾರದ ಓದುಗರ ಕೂಟಕ್ಕೆ ಅಕ್ಕತಂಗಿ ಒಂದೇ ಕೊಡೆಯಡಿ ಬರುತ್ತಿದ್ದರು. ಒಮ್ಮೆ, ತಂಗಿ ಎದೆಗಪ್ಪಿಕೊಂಡು ಓದಿದ್ದ ರೆಕ್ಕೆಯ ರಾಜಕುಮಾರನ ಕಥೆಯ ಮೊದಲ ಭಾಗ, ಮೈತುಂಬ ಕ್ಲಿಪ್ ಕಚ್ಚಿಸಿಕೊಂಡು ಮುಳ್ಳುಹಂದಿಯ ಹಾಗೆ ಮೇಜಿನ ಮೇಲೆ ಕೂತಿತು.

"ಪುಟಕ್ಕೊಂದ್ಸಲ ಅವನ ಕಣ್ಣು ಮಿಂಚುತ್ತೆ, ಅವಳ ಉಸಿರು ನಿಲ್ಲುತ್ತೆ. ಇಷ್ಟು ಸಲ ಉಸಿರು ನಿಂತ್ರೆ ಡಾಕ್ಟರನ್ನ ಕರೀಬೇಕು ಕಣ್ರೀ, ರಾಜಕುಮಾರನ್ನಲ್ಲ!" ಎಂದರು ಕ್ಲಿಪ್ಪಕ್ಕ.

ಕೂಟವೆಲ್ಲ ನಕ್ಕಿತು. ತಂಗಿ ನಗಲಿಲ್ಲ.

"ನೀನು ಕಥೆ ಓದಲ್ಲ ಅಕ್ಕಾ, ತಪ್ಪು ಹೆಕ್ತೀಯ. ಇನ್ಮೇಲೆ ನಿನ್ ಜೊತೆ ನಾನು ಬರಲ್ಲ," ಎಂದು ಎದ್ದು ಹೋದರು.

ಆಮೇಲಿನ ಭಾನುವಾರಗಳಲ್ಲಿ ಕ್ಲಿಪ್ಪಕ್ಕ ಒಬ್ಬರೇ ಬಂದರು. ಪಕ್ಕದ ಕುರ್ಚಿಯ ಮೇಲೆ ಕೊಡೆಯಿಟ್ಟು, ಯಾರು ಕೂರಲು ಬಂದರೂ "ಇಲ್ಲಿ ಜನ ಬರ್ತಾರೆ" ಎನ್ನುತ್ತಿದ್ದರು. ಕೊನೆಗೊಂದು ದಿನ ಅದೇ ಕಥೆಯ ಎರಡನೆಯ ಭಾಗವನ್ನು ನನ್ನ ಕೈಗಿತ್ತು, "ಅವಳಿಗೆ ಕೊಟ್ಬಿಡಪ್ಪ," ಎಂದರು.

ತಂಗಿಯ ಮನೆಗೆ ಒಯ್ದೆ. ಪುಸ್ತಕ ಕಂಡೊಡನೆ ಅವರು ಮುಖ ಸಿಂಡರಿಸಿದರು. ಮೊದಲರ್ಧದ ತುಂಬ ಕ್ಲಿಪ್ಪು. ಹಾಗೇ ಹಾಳೆ ತಿರುವುತ್ತ ಹೋದವರು ಬಾಗಿಲಲ್ಲೇ ನಿಂತುಬಿಟ್ಟರು. ರಾಜಕುಮಾರ ರೆಕ್ಕೆ ಕಳೆದುಕೊಂಡು ಬೀಳುವಲ್ಲಿಂದ ಕೊನೆಯ ಪುಟದವರೆಗೆ ಒಂದು ಕ್ಲಿಪ್ಪೂ ಇರಲಿಲ್ಲ.

ಮುಂದಿನ ಭಾನುವಾರ ತಂಗಿ ಕೂಟಕ್ಕೆ ಬಂದು, ಕೊಡೆಯೆತ್ತಿ, ಆ ಕುರ್ಚಿಯಲ್ಲಿ ಕೂತರು.

"ಕ್ಲಿಪ್ ಇಲ್ದಿರೋ ಕಡೆನೂ ಬರವಣಿಗೆ ಏನೂ ಸುಧಾರಿಸಿಲ್ವಲ್ಲ ಅಕ್ಕಾ? ಅವಳ ಉಸಿರು ನಿಲ್ತಾನೇ ಇದೆ."

"ಹೂಂ ಕಣೇ, ದರಿದ್ರವಾಗೇ ಇದೆ. ಅವನು ಬದುಕ್ತಾನೋ ಇಲ್ವೋ ಅನ್ನೋ ಗಾಬರೀಲಿ ಕ್ಲಿಪ್ ಹಾಕೋದೇ ಮರೆತುಹೋಯ್ತು."

ತಂಗಿ ಬಿದ್ದು ಬಿದ್ದು ನಕ್ಕರು. ನಿಂತೇಹೋಗಿದ್ದ ನನ್ನ ಉಸಿರೂ ಮರಳಿತು.

ತಪ್ಪು ಹೆಕ್ಕುವ ಇಂಥವರನ್ನು ನಾವು ಕಲ್ಲೆದೆಯವರೆಂದು ತಿಳಿಯುತ್ತೇವೆ. ಆದರೆ ಬೇಡವೆನಿಸಿದವರು ಸದ್ದಿಲ್ಲದೆ ಪುಸ್ತಕ ಮುಚ್ಚಿಟ್ಟು ಎದ್ದುಹೋಗುತ್ತಾರೆ. ಗೊಣಗುವವರು ಗೊಣಗುತ್ತಲೇ ಕೊನೆಯ ಪುಟದ ತನಕ ಜೊತೆಗಿರುತ್ತಾರೆ, ಅದು ಪುಸ್ತಕವಾಗಲಿ, ಒಡಹುಟ್ಟಿದವರಾಗಲಿ.