ಮೇಲಿನ ಸಾಲಿನ ತೂತು

ವೈರಿನ ತುದಿಯನ್ನು ಮೇಜಿನ ಮೇಲಿನ ಕಬ್ಬಿಣದ ಪಟ್ಟಿಯಲ್ಲಿ ಮೇಲಿನ ಸಾಲಿನ ತೂತಿಗೆ ಚುಚ್ಚಿದ್ದೇ ತಡ, ಶಶಿಕಿರಣನ ನಾಲಿಗೆಗೆ ಬಿಡುಗಡೆಯಾಯಿತು.

"ಅಬ್ಬಬ್ಬಾ, ಒಡಕು ಮಡಕೆ ಬಡ್ದಂಗೈತೆ ಕಣೋ!"

ಪಕ್ಕದಲ್ಲಿದ್ದ ಬಸವಕುಮಾರ್ ಕಿಸಕ್ಕನೆ ನಕ್ಕ. ಆರ್ಕೆಸ್ಟ್ರಾದಲ್ಲಿ ಪ್ಯಾಡ್ ಬಾರಿಸುವ ಗೆಳೆಯ ಅವನು. ಕಾರ್ಯಕ್ರಮವಿಲ್ಲದ ದಿನ ಈ ಸ್ಟುಡಿಯೋದಲ್ಲೇ ಬಿದ್ದಿರುತ್ತಿದ್ದ. ಗಾಜಿನ ಆಚೆಯ ಚಿಕ್ಕ ಕೋಣೆಯಲ್ಲಿ ಹಾರನಹಳ್ಳಿಯ ಮಹದೇವಮ್ಮ ಮೈಕಿನ ಮುಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹೊದ್ದ ಸೆರಗಿನ ಮೇಲೇ ದೊಡ್ಡ ಹೆಡ್‌ಫೋನು. ಒಂದು ಸೋಬಾನೆ ಮುಗಿಸಿ ಉಸಿರು ತಗೊಳ್ಳುತ್ತಿದ್ದಳು.

"ಮೆಲ್ಲಗೆ ಮಾತಾಡ್ಲಾ, ಕೇಳಿಸ್ಬಿಟ್ಟಾತು," ಅಂದ ಬಸವಕುಮಾರ್.

"ಎಲ್ಲಿಂದ ಕೇಳುತ್ತೆ? ಪ್ಯಾಚ್‌ಬೇ ತಂದಿರೋದು ಯಾಕೆ ಮತ್ತೆ? ಇಲ್ಲಿ ಚುಚ್ಚಿದ್ರೆ ನಮ್ಮ ಮೈಕು ಕಟ್. ಇದನ್ನ ಹಿಂಗೇ ಹಾಕಿದ್ರೆ ಮದ್ವೆ ಮನೇಲಿ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತೆ. ಹಾಸನದ ಸಿಂಗರ್ ಪ್ರತಿಮಾ ಕೈಲಿ ಇದೇ ಹಾಡು ಹಾಡಿಸಿ ಇದರ ಮೇಲೆ ಹಾಕ್ಬಿಡ್ತೀನಿ. ಅಜ್ಜೀದು ಶುರುವಲ್ಲಿ ಚೂರು, ಕೊನೇಲಿ ಚೂರು. ಉಪ್ಪಿನಕಾಯಿ ಥರ."

"ಅಜ್ಜಿಗೆ ಗೊತ್ತಾಗಲ್ವೇನೋ?"

"ಅದಕ್ಕೇನು ಗೊತ್ತಾಗುತ್ತೆ? ದೊಡ್ಡ ಸ್ಪೀಕರ್‌ನಲ್ಲಿ ಬಂದ್ರೆ ನಂದೇ ದನಿ ಅಂದ್ಕೊಂಡು ಹಿಗ್ಗಿ ಹೀರೇಕಾಯಿ ಆಗ್ತಾಳೆ."

ಮಹದೇವಮ್ಮ ತಲೆ ತಗ್ಗಿಸಿ ಸೀರೆಯ ಅಂಚನ್ನು ಬೆರಳಿನಿಂದ ತೀಡುತ್ತಿದ್ದಳು. ಸುಸ್ತಾಗಿರಬೇಕು ಅಂದುಕೊಂಡ ಶಶಿ. ವೈರು ಕಿತ್ತು, ದನಿಗೆ ಬೆಲ್ಲ ಸವರಿಕೊಂಡು, "ಅಜ್ಜೀ, ಭಾಳ ಚೆನ್ನಾಗಿ ಬಂತು! ಹಸೆಗೆ ಕರೆಯೋ ಹಾಡೊಂದು ಉಳೀತಲ್ಲ, ಅದನ್ನೂ ಹೇಳ್ಬಿಡ್ತೀರಾ?" ಅಂದ.

ಅವಳು ಮಡಿಲಲ್ಲಿದ್ದ ವೀಳ್ಯವನ್ನು ಒಮ್ಮೆ ಮುಟ್ಟಿಕೊಂಡಳು. ಆಮೇಲೆ, "ಹಾಡ್ತೀನಪ್ಪ," ಅಂದಳು.

ಹಾಡಿದಳು. ಶಶಿ ಫೋನು ನೋಡುತ್ತ ಕೂತಿದ್ದ.

ಅರಸೀಕೆರೆಯ ಈ ಮನೆಯ ಮಹಡಿ ಮೊದಲು ಕೊಬ್ಬರಿ ಅಟ್ಟ. ತೆಂಗಿನಕಾಯಿ ವರ್ಷಗಟ್ಟಲೆ ಒಣಗುತ್ತಿದ್ದ ಜಾಗದಲ್ಲಿ ಈಗ ಗೋಡೆಗೆ ನಾರಿನ ಚಾಪೆ ಬಡಿದು ಶಶಿ ಸ್ಟುಡಿಯೋ ಮಾಡಿಕೊಂಡಿದ್ದ. ಇದ್ದ ನಾಲ್ಕು ಯಂತ್ರಗಳಿಗೆ ನಲವತ್ತು ವೈರು. ಒಂದು ಕಿತ್ತು ಇನ್ನೊಂದು ಹಾಕಲು ಪ್ರತಿ ಸಲ ಮೇಜಿನ ಹಿಂದೆ ತೆವಳಬೇಕಿತ್ತು. ಅದಕ್ಕೇ ಪ್ಯಾಚ್‌ಬೇ ಬೇಕೇ ಬೇಕು ಅಂತ ಹಟ ಹತ್ತಿತು. ಎರಡು ಸಾಲು ತೂತುಗಳಿರುವ ಕಬ್ಬಿಣದ ಪಟ್ಟಿ ಅದು. ಎಲ್ಲ ವೈರೂ ಹಿಂದಿನಿಂದ ಅದಕ್ಕೇ ಬಂದು ಸೇರುತ್ತವೆ, ಮುಂದಿನಿಂದ ಗೇಣುದ್ದದ ವೈರು ಚುಚ್ಚಿ ಬೇಕಾದದ್ದನ್ನು ಬೇಕಾದಲ್ಲಿಗೆ ಕಳಿಸಬಹುದು. ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಾದ ಮೇಲೆ ಅಗ್ಗದ್ದೊಂದನ್ನು ಆರಿಸಿದ. ಅಗ್ಗದ್ದಾದರೂ ಪ್ರತಿ ತೂತಿನ ನೆತ್ತಿಯಲ್ಲಿ ಒಂದೊಂದು ಪುಟ್ಟ ಗುಂಡಿ, ಗುಂಡಿಗೆ ಮೂರು ಸ್ಥಾನ. ಬಂದಾಗ ಎಲ್ಲವೂ ನಡುವಿನ ಸ್ಥಾನದಲ್ಲಿದ್ದವು. ಅದರ ಅರ್ಥವೇನು ಅಂತ ಜೊತೆಗೆ ಬಂದ ಕಾಗದ ಓದುವ ತಾಳ್ಮೆ ಯಾರಿಗಿದೆ? ಹಾಗೇ ಸ್ಟ್ಯಾಂಡಿಗೆ ಕೂರಿಸಿ ಸ್ಕ್ರೂ ಬಿಗಿದ. ಹಾಡುವವರೊಂದಿಗೆ ಮಾತಾಡುವ ಮೈಕಿಗೆ ಆಫ್ ಗುಂಡಿ ಇರಲಿಲ್ಲ, ಪಟ್ಟಿಯಲ್ಲಿ ಅದರ ಮೇಲಿನ ತೂತಿಗೆ ಒಂದು ಖಾಲಿ ವೈರು ಚುಚ್ಚಿದರೆ ದನಿ ಕಟ್ಟಾಗುತ್ತದೆ ಅಂತ ತಾನೇ ಕಂಡುಹಿಡಿದು ಬೀಗಿದ.

ಮಹದೇವಮ್ಮನನ್ನು ಕರೆಸಿದ್ದು ಅವಳ ಮೊಮ್ಮಗಳು ನಯನಾ. ನಯನಾಳ ಮದುವೆ ಬೇಲೂರಿನ ಛತ್ರದಲ್ಲಿ. ಉಬ್ಬಸದ ಅಜ್ಜಿ ಅಷ್ಟು ಜನರ ನಡುವೆ ಕೂತು ಹಾಡಲಾರಳು. "ನಾನು ಹಸೆಗೆ ಬರುವಾಗ ಅಜ್ಜಿ ದನೀನೇ ಇರ್ಬೇಕು ಕಣಣ್ಣ," ಅಂತ ನಯನಾ ಶಶಿಯ ಕೈ ಹಿಡಿದು ಕೇಳಿದ್ದಳು. ಶಶಿಯ ತಾಯಿ ಲಲಿತಮ್ಮನಂತೂ ಕುಣಿದಾಡಿದ್ದಳು. ಶಶಿಯ ತೊಟ್ಟಿಲಿಗೆ ಹಾಡಿದವಳೇ ಈ ಮಹದೇವಮ್ಮ. "ಬರೀ ಕೈಲಿ ಹಾಡು ಅನ್ಬಾರ್ದು, ಮೊದ್ಲು ವೀಳ್ಯ ಕೊಡು," ಅಂತ ಎಲೆ, ಅಡಿಕೆ, ಒಂದು ಕೊಬ್ಬರಿ ಗಿಟುಕು ಇಟ್ಟು ಕಳಿಸಿದ್ದಳು. ಮಹದೇವಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಮಡಿಲಲ್ಲಿಟ್ಟುಕೊಂಡೇ ಹಾಡಲು ಕೂತಿದ್ದಳು.

ಹಾಡು ಮುಗಿದ ಮೇಲೆ ಕಾಫಿಗೂ ನಿಲ್ಲದೆ, ಟೆಂಪೋ ಸಿಗಲ್ಲ ಅಂತ ಇಳಿದು ಹೋದಳು. ಶಶಿ ಖಾಲಿ ವೈರನ್ನು ಮತ್ತೆ ತೂತಿಗೆ ಸಿಕ್ಕಿಸಿ, ಕೋಣೆ ಸರಿಮಾಡಲು ಒಳಹೋದ. ಕುರ್ಚಿಯ ಮೇಲೆ ಎಲೆ, ಅಡಿಕೆ, ಗಿಟುಕು, ಕೊಟ್ಟಿದ್ದು ಕೊಟ್ಟ ಹಾಗೇ ಇತ್ತು. ಮರೆತಳೇನೋ ಅಂತ ಬಗ್ಗಿದ.

"ಏನ್ಲಾ, ಮುದುಕಿ ಏನಾದ್ರೂ ಬಿಟ್ಟೋದ್ಲಾ?"

ಮಾತು ಬಂದದ್ದು ಕುರ್ಚಿಗೆ ನೇತುಹಾಕಿದ್ದ ಹೆಡ್‌ಫೋನಿನಿಂದ. ಗಾಜಿನ ಆಚೆ ಬಸವಕುಮಾರನ ತುಟಿ ಆಡುತ್ತಿತ್ತು.

ಬಗ್ಗಿದ್ದ ಶಶಿ ಥಟ್ಟನೆ ಎದ್ದ. ಹೊರಗೆ ಓಡಿಬಂದು ನೋಡಿದ. ವೈರು ತೂತಿನಲ್ಲೇ ಇತ್ತು. ಮೂಲೆಗೆಸೆದಿದ್ದ ಕಾಗದ ಹುಡುಕಿ ಬಿಡಿಸಿದ. ಗುಂಡಿ ನಡುವೆ ಇದ್ದರೆ, ಮೇಲಿನ ಸಾಲಿಗೆ ಚುಚ್ಚಿದ್ದು ದಾರಿ ಕಡಿಯುವುದಿಲ್ಲ, ಕೆಳಗಿನ ಸಾಲಿಗೆ ಚುಚ್ಚಿದರೆ ಮಾತ್ರ ಕಡಿಯುತ್ತದೆ. ತೋಟದ ಕಾಲುವೆಗೆ ಪಕ್ಕದಲ್ಲೊಂದು ಕವಲು ತೋಡಿದ ಹಾಗೆ. ಮುಂದಿನ ಮರಕ್ಕೆ ಹೋಗುವ ನೀರು ಹೋಗುತ್ತಲೇ ಇರುತ್ತದೆ. ಒಡಕು ಮಡಕೆ, ಉಪ್ಪಿನಕಾಯಿ, ಹೀರೇಕಾಯಿ, ಎಲ್ಲವೂ ಅಜ್ಜಿಯ ಕಿವಿಗೆ ಹೋಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವೀಳ್ಯ ಹಿಡಿದುಕೊಂಡು ಬೈಕಿನಲ್ಲಿ ಟೆಂಪೋ ನಿಲ್ಲುವಲ್ಲಿಗೆ ಧಾವಿಸಿದ. ಹಾರನಹಳ್ಳಿ ಟೆಂಪೋದ ಕಿಟಕಿ ಪಕ್ಕ ಅವಳು ಕೂತಿದ್ದಳು.

"ಅಜ್ಜೀ, ಇದನ್ನ ಬಿಟ್ಟು ಬಂದಿದ್ರಿ."

"ಬಿಟ್ಟೇ ಬಂದೆ ಕಣಪ್ಪ. ಹಾಡ್ದೋರಿಗೆ ಕೊಡೋದು ಅದು. ಹಾಡೋಳು ಆ ಹೆಣ್ಮಗ ಅಲ್ವಾ, ಪ್ರತಿಮಾನೋ ಏನೋ? ಅವಳಿಗೆ ಕೊಡು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಶಶಿ ಹೇಗೋ ತಡೆದುಕೊಳ್ಳುತ್ತಿದ್ದ.

"ಕೇಳಿಸ್ಕೊಂಡೂ ಯಾಕೆ ಹಾಡಿದ್ರಿ ಅಜ್ಜೀ?"

"ವೀಳ್ಯ ಹಿಡ್ದಿದ್ನಲ್ಲ. ಹಸೆ ಹಾಡು ಅರ್ಧಕ್ಕೆ ಬಿಟ್ರೆ ನನ್ನ ಮಗೀಗೆ ಒಳ್ಳೇದಾಯ್ತದಾ?" ಅಂದಳು. ಆಮೇಲೆ ಕಿಟಕಿಯಿಂದ ಬಗ್ಗಿ, "ನಿಮ್ಮವ್ವಂಗೆ ಹೇಳ್ಬ್ಯಾಡ. ನೊಂದ್ಕಂತಾಳೆ."

ತಪ್ಪಾಯ್ತು ಅನ್ನಬೇಕಿತ್ತು. ಅದನ್ನೇ ಅನ್ನಲು ಬಂದಿದ್ದ. "ಸೀಟು ಸರಿಯಾಗೈತಾ ಅಜ್ಜೀ?" ಅಂದ, ಥೂ. ಟೆಂಪೋ ಹೊರಟಿತು, ವೀಳ್ಯ ಅವನ ಕೈಯಲ್ಲೇ ಉಳಿಯಿತು.

ಮರಳಿದಾಗ ಬಸವಕುಮಾರ್ ಕೊನೆಯ ಹಾಡು ಹಾಕಿಕೊಂಡು ಕೂತಿದ್ದ. "ಲೇ, ಇದನ್ನ ಕೇಳೋ," ಅಂತ ಹಿಂದಕ್ಕೆ ತಿರುಗಿಸಿದ. ಎರಡು ಹಾಡಿನ ನಡುವೆ ಶಶಿ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಹೆಡ್‌ಫೋನಿನಿಂದ ಸೋರಿ ಅವಳ ಮೈಕಿಗೆ ಬಿದ್ದ ತನ್ನದೇ ದನಿ ಕೇಳಿತು, ಬಹಳ ಸಣ್ಣಗೆ. ನಗು. ಮಹದೇವಮ್ಮ ಗುಟುಕ್ಕನೆ ಉಗುಳು ನುಂಗಿದ್ದು. "ಹಾಡ್ತೀನಪ್ಪ." ಆಮೇಲೆ ಹಾಡು ಎದ್ದು ಬಂತು. ಉಬ್ಬಸವಿತ್ತು, ಒಡಕೂ ಇತ್ತು. ಆದರೂ ಕರೆದರೆ ಯಾವ ಮದುಮಗಳಾದರೂ ಬರಬೇಕು, ಹಾಗೆ ಕರೆಯುತ್ತಿದ್ದಳು.

"ಶುರುವಿನ ಗಲಾಟೆ ಕತ್ತರಿಸಿ ಬಿಸಾಕು, ಸಾಕು," ಅಂದ ಬಸವಕುಮಾರ್. "ಪ್ರತಿಮಾ ಯಾಕೆ ಬೇಕು?"

ಶಶಿ ಮೌಸಿನ ಮೇಲೆ ಕೈಯಿಟ್ಟ, ಒತ್ತಲಿಲ್ಲ. ಕೆಳಗಿನಿಂದ ಲಲಿತಮ್ಮ ಹಾಡಿಗೆ ದನಿಗೂಡಿಸುತ್ತಿದ್ದದ್ದು ಕೇಳಿಸಿತು. ನಡುವೆಯೇ ನಿಲ್ಲಿಸಿ ಕೂಗಿದಳು.

"ಶಶೀ, ಮಹದೇವಮ್ಮ ವೀಳ್ಯ ತಗಂಡು ಹೋದ್ಲೇನೋ?"

ಅವನ ಮಡಿಲಲ್ಲಿದ್ದ ವೀಳ್ಯದ ಎಲೆಗಳು ಆಗಲೇ ಬಾಡುತ್ತಿದ್ದವು. ಶಶಿ ಕೈ ಚಾಚಿ ಹಾಡಿನ ಸದ್ದನ್ನು ಇನ್ನಷ್ಟು ಏರಿಸಿದ.