ಸ್ಪೀಕರ್ ಪೆಟ್ಟಿಗೆಯ ಕರಕರ

ಆವತ್ತು ಬೆಳಿಗ್ಗೆ ಮಳೆ ಬರಲೂ ಇಲ್ಲ, ಬಿಡಲೂ ಇಲ್ಲ. ಕುಂತಿಬೆಟ್ಟದ ನೆತ್ತಿಯ ಮೇಲೆ ಮೋಡ ಕೂತಿತ್ತು. ಗಾಳಿ ಅಲುಗದೆ ಪಾಂಡವಪುರದ ಬೀದಿಯೆಲ್ಲ ಬೆವರುತ್ತಿತ್ತು. ಕೆ.ಆರ್. ಪೇಟೆಯಿಂದ ಮೊದಲ ಬಸ್ಸಿಗೆ ಬಂದಿಳಿದ ತಿಮ್ಮರಾಜು ದಾರಿಯುದ್ದಕ್ಕೂ ಛತ್ರಿ ಬಿಚ್ಚುತ್ತಾ ಮಡಿಸುತ್ತಾ ಗೆಳೆಯ ದಿಲೀಪನ ಮನೆ ಮುಟ್ಟಿದ.

ಸಂಜೆ ಆರಕ್ಕೆ ನಾಗಮಂಗಲದ ಛತ್ರವೊಂದರಲ್ಲಿ ಆರತಕ್ಷತೆ. ಅಲ್ಲಿ ಗಿಟಾರು ನುಡಿಸಬೇಕಾದವನು ಅವನೇ. ಹೋಗದಿದ್ದರೆ ತಂಡದವರು ಇನ್ನೊಬ್ಬನನ್ನು ಕರೆಯುತ್ತಾರೆ, ಮತ್ತೆಂದೂ ಇವನನ್ನು ಕರೆಯುವುದಿಲ್ಲ. ಅವನ ಗಿಟಾರು ಮಾತ್ರ ದಿಲೀಪನ ಮನೆಯಲ್ಲಿತ್ತು.

ಅದು ಅಲ್ಲಿಗೆ ಹೋದದ್ದು ಪೂಜೆಗೆ. ಆಯುಧಪೂಜೆಯ ದಿನ ಸುತ್ತಿನ ವಾದ್ಯದವರೆಲ್ಲ ತಮ್ಮ ತಮ್ಮ ವಾದ್ಯ ತಂದು ದಿಲೀಪನ ಪಡಸಾಲೆಯಲ್ಲಿಡುವುದು ಹತ್ತು ವರ್ಷದ ರೂಢಿ. ಅದರ ಹಿಂದಿನ ದಿನವಷ್ಟೇ ತಿಮ್ಮರಾಜು, ಒಂದು ಕಾರ್ಯಕ್ರಮಕ್ಕೆಂದು ಎರವಲು ಒಯ್ದಿದ್ದ ದಿಲೀಪನ ಗಿಟಾರ್ ಸ್ಪೀಕರ್ ಪೆಟ್ಟಿಗೆಯನ್ನು ಹಿಂದಿರುಗಿಸಿದ್ದ; ಅದೂ ಪೂಜೆಯ ಸಾಲಿನಲ್ಲಿ ಕೂತಿತ್ತು. ಪೂಜೆಯಾದ ಮೂರನೆಯ ದಿನ ದಿಲೀಪ ಅದಕ್ಕೆ ವೈರು ಚುಚ್ಚಿದರೆ, ಪೆಟ್ಟಿಗೆ ಎರಡು ಸಲ ಕರಕರ ಕೆಮ್ಮಿ ಸುಮ್ಮನಾಯಿತು. ಕೆಡಿಸಿದವನು ತಿಮ್ಮರಾಜುವೇ ಎಂಬುದರಲ್ಲಿ ದಿಲೀಪನಿಗೆ ಅನುಮಾನವಿರಲಿಲ್ಲ. ಪೆಟ್ಟಿಗೆ ಸರಿ ಮಾಡಿಕೊಡುವ ತನಕ ಗಿಟಾರು ಕೊಡುವುದಿಲ್ಲ ಎಂದು ಫೋನಿನಲ್ಲೇ ಹೇಳಿ, ಅದನ್ನು ದೇವರಕೋಣೆಗೆ ಸೇರಿಸಿದ್ದ.

“ಬಂದ್ಯಾ? ಸ್ಪೀಕರ್ ಸುಟ್ಟಾಕ್ಬುಟ್ಟು ಪೂಜೆಗೆ ತಂದಿಟ್ಟ ಭಕ್ತ,” ಅಂದ ದಿಲೀಪ.

“ಸುಟ್ಟದೋ ಇಲ್ವೋ ನೋಡುವಾ ಬುಡ್ಲಾ. ಒಂದು ಸೆಲ್ಲು ಕೊಡು.”

ದಿಲೀಪ ಗೋಡೆ ಗಡಿಯಾರದಿಂದಲೇ ಸೆಲ್ಲು ಕಿತ್ತುಕೊಟ್ಟ. ಗಡಿಯಾರ ಒಂಬತ್ತೂಕಾಲಕ್ಕೆ ನಿಂತಿತು. ತಿಮ್ಮರಾಜು ಆಮೇಲೂ ಗಳಿಗೆಗೊಮ್ಮೆ ಅದನ್ನೇ ನೋಡುತ್ತಿದ್ದ.

ಮೊದಲು ವೈರು ಬದಲಿಸಿದರು, ಅದೇ ಕರಕರ. ಆಂಪ್ಲಿಫೈಯರನ್ನು ಬೇರೆ ಪೆಟ್ಟಿಗೆಗೆ ಹಾಕಿದರೆ ಚೆನ್ನಾಗಿಯೇ ನುಡಿಯಿತು. ಹಾಗಾದರೆ ದೋಷ ಈ ಪೆಟ್ಟಿಗೆಯದೇ. ತಿಮ್ಮರಾಜು ಆಂಪ್ಲಿಫೈಯರ್ ಆರಿಸಿ, ಪೆಟ್ಟಿಗೆಯಿಂದ ಬಂದ ವೈರಿನ ಇನ್ನೊಂದು ತುದಿಗೆ ಸೆಲ್ಲು ತಾಗಿಸಿದ. ಸ್ಪೀಕರ್ ಸುಟ್ಟಿರದಿದ್ದರೆ ಅದರ ಕಾಗದದ ಬಟ್ಟಲು ಡಬ್ ಎಂದು ಕುಪ್ಪಳಿಸಬೇಕಿತ್ತು. ಕುಪ್ಪಳಿಸಲಿಲ್ಲ.

ದಿಲೀಪ ಕೈಕಟ್ಟಿ ನಿಂತ. ತಿಮ್ಮರಾಜು ಮನಸ್ಸಿನಲ್ಲೇ ಗಂಜಾಂ ನಿಮಿಷಾಂಬಮ್ಮನನ್ನು ನೆನೆದು, ಪೆಟ್ಟಿಗೆಯ ಹಿಂದಿನ ತಗಡು ಬಿಚ್ಚಿ, ವೈರು ಚುಚ್ಚುವ ಜ್ಯಾಕನ್ನು ಬಿಟ್ಟು ನೇರ ಸ್ಪೀಕರಿನ ತಂತಿಗೇ ಸೆಲ್ಲು ತಾಗಿಸಿದ.

ಡಬ್.

ಇನ್ನೊಮ್ಮೆ ತಾಗಿಸಿದ. ಡಬ್.

“ಸ್ಪೀಕರ್ ಬದ್ಕೇ ಅದೆ ಕಣ್ಲಾ. ರೋಗ ಇರೋದು ಜ್ಯಾಕಲ್ಲಿ.”

“ಅಂಗಾರೆ ಜ್ಯಾಕು ಮುರ್ದಿದ್ದೀಯ,” ಅಂದ ದಿಲೀಪ. ದನಿ ಮಾತ್ರ ಇಳಿದಿತ್ತು.

ತಿಮ್ಮರಾಜು ಮೊಬೈಲಿನ ಬೆಳಕು ಬಿಟ್ಟು ಜ್ಯಾಕಿನ ತೂತಿನೊಳಗೆ ಇಣುಕಿದ. ವೈರಿನ ಪಿನ್ನನ್ನು ಒತ್ತಿ ಹಿಡಿಯಬೇಕಾದ ಪುಟ್ಟ ತಗಡಿನ ನಾಲಿಗೆ ಪಕ್ಕಕ್ಕೆ ಸರಿದು, ಅದರ ಕೆಳಗೆ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಮೀಟಿದ. ಮೊದಲು ಬೂದಿ ಉದುರಿತು. ಆಮೇಲೆ ಭತ್ತದ ಕಾಳಿನಷ್ಟು ಬಿದಿರಿನ ಚೂರು, ಒಂದು ತುದಿ ಕೆಂಪಗೆ. ಮೂಸಿದರೆ ಇನ್ನೂ ಗಂಧದ ವಾಸನೆ.

ಕಾಫಿ ತಂದ ದಿಲೀಪನ ತಾಯಿ ಗೌರಮ್ಮ ಬಗ್ಗಿ ನೋಡಿದಳು.

“ಊದ್ಗಡ್ಡಿ ಕಣ್ ಮಗ. ನಾನೇ ಸಿಗಿಸಿದ್ದು. ಮಿಕ್ಕಿದ್ದಕ್ಕೆಲ್ಲ ಬಾಳೆಹಣ್ಣಿಗೆ ಚುಚ್ಚಿಟ್ಟೆ. ಇದ್ಕೆ ತೂತು ಬುಟ್ಟೇ ಮಾಡವ್ರಲ್ಲ ಅಂತ ಅಲ್ಗೇ ಸಿಗಿಸ್ದೆ. ತೆಗೆಯೋವಾಗ ಲಟಕ್ ಅಂತ ಮುರೀತು.”

ತಿಮ್ಮರಾಜುವಿನ ಬಾಯಿಗೆ ಹತ್ತು ಮಾತು ಬಂದವು. ಮೂರು ದಿನ ನಿದ್ದೆ ಇಲ್ಲದೆ ಹೊರಳಿದವನು ಅವನು. ಆದರೆ ಲೋಟ ಹಿಡಿದ ಆ ಮುದುಕಿ, ದೇವರಿಗೆ ಮಾಡಿದ್ದೂ ತಪ್ಪಾಗಿಬಿಟ್ಟಿತೇ ಎಂಬಂತೆ ಅವನನ್ನೇ ನೋಡುತ್ತಿದ್ದಳು.

“ಪೂಜೆ ಸಂದದೆ ಬುಡಿ ದೊಡ್ಡವ್ವ,” ಅಂದ. “ಒಸಿ ಜಾಸ್ತಿನೇ ಒಳೀಕೋಗ್ಯದೆ, ಅಷ್ಟೇಯ.”

ಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ದಿಲೀಪ ನಗಲಿಲ್ಲ. ತಿಮ್ಮರಾಜು ಜ್ಯಾಕಿನ ನಾಲಿಗೆಯನ್ನು ಮೆಲ್ಲಗೆ ಬಗ್ಗಿಸಿ ಜಾಗಕ್ಕೆ ತಂದು, ವೈರು ಚುಚ್ಚಿ, ಆಂಪ್ಲಿಫೈಯರ್ ಹಾಕಿದ. ದಿಲೀಪ ತನ್ನ ಗಿಟಾರಿನ ಒಂದು ತಂತಿ ಮೀಟಿದ. ನಾದ ಕೆಮ್ಮಿಲ್ಲದೆ ಪಡಸಾಲೆ ತುಂಬಿತು. ಅವನು ಅದನ್ನು ಕೈಯಿಂದ ಒತ್ತಿ ನಿಲ್ಲಿಸಿ, ತಲೆ ಎತ್ತದೆ ದೇವರಕೋಣೆಗೆ ಹೋದ.

ತಿಮ್ಮರಾಜು ಚಪ್ಪಲಿ ಮೆಟ್ಟುವಷ್ಟರಲ್ಲಿ ದಿಲೀಪ ಹೊರಬಂದು, ಅವನ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕೈಗಿಟ್ಟ.