ಲಾರಿ ಹತ್ತಿದ ಸಾಮಾನು

ವೆಂಡೆಲ್ ಕಾಸ್ಟ್ಯುಕ್ ನಮ್ಮ ನೌಕರರ ಸಂಘದ ಕಚೇರಿಗೆ ಬಂದ ದಿನ ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಅವನ ಕಾಲಲ್ಲಿ ಕ್ಯಾನ್ವಾಸ್ ಶೂ. ಡಿಸೆಂಬರಿನ ಒಟ್ಟಾವಾದಲ್ಲಿ ಹಾಗೆ ಓಡಾಡುವವರು ಒಂದೋ ತಲೆಕೆಟ್ಟವರು, ಇಲ್ಲವೇ ಬಿಸಿಲ ದೇಶಕ್ಕೆ ವರ್ಗವಾಗಿ ಗಂಟುಮೂಟೆ ಕಟ್ಟಿದ ವಿದೇಶಾಂಗ ಸೇವೆಯವರು.

"ಬೂಟೆಲ್ಲಿ?" ಎಂದೆ.

"ಗೋದಾಮಲ್ಲಿ. ಕೋಟೂ ಅಲ್ಲೇ. ಇದು ನನ್ನ ಭಾವಮೈದುನಂದು." ಕೋಟಿನ ತೋಳು ಅವನ ಮಣಿಕಟ್ಟಿಗೆ ನಾಲ್ಕು ಬೆರಳು ಮೇಲೆಯೇ ಮುಗಿದಿತ್ತು.

"ಉಳಿದ ಸಾಮಾನು?"

"ಹಡಗಲ್ಲಿ, ಮಪುಟೋಗೆ. ನಮ್ಮ ಸೋಫಾಗೆ ಅಲ್ಲಿ ಪೋಸ್ಟಿಂಗ್ ಇದೆ, ಒಡೀಲ್, ನನಗಿಲ್ಲ." ನಗಲು ನೋಡಿದ, ಆಗಲಿಲ್ಲ. ಜೇಬಿನಿಂದ ಒಂದು ಪತ್ರ ತೆಗೆದು ಮೇಜಿನ ಮೇಲಿಟ್ಟ.

ಇಲಾಖೆ ಆ ಚಳಿಗಾಲದಲ್ಲಿ ತನ್ನ ವಿಭಾಗಗಳನ್ನು ಕಡಿದು ಕೂಡಿಸುತ್ತಿತ್ತು. ವೆಂಡೆಲ್ ಕೂರುತ್ತಿದ್ದ ಮೂರನೇ ಮಹಡಿಯ ವಿಭಾಗವನ್ನೇ ಮುಚ್ಚಿದ್ದರು. ಅವನು ಆ ಕುರ್ಚಿ ಬಿಟ್ಟೇ ಹತ್ತು ತಿಂಗಳಾಗಿತ್ತು. ಮಪುಟೋದಲ್ಲಿ ಆಡುವ ಪೋರ್ಚುಗೀಸ್ ಕಲಿತು, ಪರೀಕ್ಷೆ ಪಾಸಾಗಿ, ಮನೆ ಬಾಡಿಗೆಗೆ ಕೊಟ್ಟು, ಇಬ್ಬರು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ, ಹೆಂಡತಿಯೊಂದಿಗೆ ಭಾವಮೈದುನನ ನೆಲಮಾಳಿಗೆಯಲ್ಲಿ ವಿಮಾನದ ದಿನ ಎಣಿಸುತ್ತಿದ್ದ. ಪತ್ರದಲ್ಲಿ ಒಂದೇ ಮಾತು: ನಿಮ್ಮ ಹೆಸರು ಇನ್ನೂ ಮೂರನೇ ಮಹಡಿಯ ಪಟ್ಟಿಯಲ್ಲಿದೆ, ಆ ಹುದ್ದೆ ರದ್ದಾಗಿದೆ, ಆದ್ದರಿಂದ ನೀವೂ ಹೊರಗೆ.

"ಯಾವ ನಿಯಮದ ಮೇಲೆ?" ಎಂದು ಕೂಗಾಡಲು ಬಾಯಿ ತೆರೆದವಳು ಕೆಳಗಿನ ಸಾಲು ನೋಡಿ ಸುಮ್ಮನಾದೆ. ಸಂಘಕ್ಕೂ ಇಲಾಖೆಗೂ ಆದ ಒಪ್ಪಂದದ ನಲವತ್ತೊಂದನೇ ಕಲಮು. ಅದನ್ನು ಬರೆದವಳು ನಾನೇ.

ಹದಿನೆಂಟು ವರ್ಷ ಡಕಾರ್, ಬೊಗೋಟ ಅಂತ ವೀಸಾ ಕಿಟಕಿಗಳ ಹಿಂದೆ ಕೂತು ಬಂದವಳು ನಾನು. ಈಗ ಆರು ವರ್ಷದಿಂದ ಸಂಘದ ಚುನಾಯಿತ ಪ್ರತಿನಿಧಿ. ನಾನು ಗೆದ್ದ ಮೊದಲ ದೊಡ್ಡ ಜಗಳ ಆ ಕಲಮು. ಯಾವುದೋ ದೇಶದಲ್ಲಿ ಯುದ್ಧ ಶುರುವಾಗಿ, ಹೊರಟು ನಿಂತ ಐವರ ವರ್ಗಾವಣೆ ರದ್ದಾಗಿತ್ತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತ ಅವರು ವರ್ಷವಿಡೀ ಅಲೆದರು. ಆಮೇಲೆ ನಾವು ಹೋರಾಡಿ ಬರೆಸಿದ್ದು: ಹೊರದೇಶದ ಕಚೇರಿಗೆ ಕಾಲಿಡುವ ದಿನದವರೆಗೂ ನೌಕರನ ಹುದ್ದೆ ಊರಿನ ಕಚೇರಿಯಲ್ಲೇ ಇರತಕ್ಕದ್ದು. ಆ ಸಂಜೆ ನನಗೆ ಕೇಕ್ ಕತ್ತರಿಸಿದ್ದರು.

ಊರಿನ ಕಚೇರಿಯನ್ನೇ ಮುಚ್ಚಿಬಿಟ್ಟರೆ ಏನು ಗತಿ ಅಂತ ಕೇಕ್ ತಿಂದವರಾರಿಗೂ ಹೊಳೆದಿರಲಿಲ್ಲ.

"ಇದು ನನ್ನ ಕೆಲಸ ಕಣಯ್ಯ," ಎಂದೆ. ಮುಖ ಬಿಸಿಯಾಗಿತ್ತು. "ನಿನ್ನನ್ನ ಕಾಪಾಡೋಕೆ ಅಂತ ಬರೆದೆ. ಇವತ್ತು ಅದೇ ನಿನ್ನ ಕುತ್ತಿಗೆಗೆ ಬಂತು."

ಅವನು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಈಗ ಏನ್ ಮಾಡ್ತೀರಿ?" ಎಂದಷ್ಟೇ ಕೇಳಿದ.

ಏನು ಮಾಡಬಹುದೆಂದು ನನಗೆ ಗೊತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮಾತುಕತೆ ನಡೆದ ದಿನ ಎರಡೂ ಕಡೆಯವರು ಆಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಎದ್ದು ಹೋಗುವ ಮುಂಚೆ ಪುಟದ ಕೆಳಗೆ ಎರಡೂ ಕಡೆಯವರು ಚಿಕ್ಕ ಸಹಿ ಹಾಕಬೇಕು. ಒಪ್ಪಂದದ ಬಗ್ಗೆ ತಕರಾರು ಬಂದರೆ ಅದರಲ್ಲಿರುವುದೇ ಕೊನೆಯ ಮಾತು. ಆ ಪುಸ್ತಕ ನನ್ನ ಬೀರುವಿನಲ್ಲಿತ್ತು. ಅದರಲ್ಲಿ ಕಲಮಿನ ಇನ್ನರ್ಧವೂ ಇತ್ತು: ಮನೆ ಸಾಮಾನು ಲಾರಿ ಹತ್ತಿದ ಮೇಲೆ ಹುದ್ದೆ ಹೊರದೇಶದ್ದು. ಇಲಾಖೆಯವರು ಕೇಳಿದ್ದರು, ನಾವು ಒಪ್ಪಿದ್ದೆವು. ಕೊನೆಯ ಪ್ರತಿ ಟೈಪು ಮಾಡುವಾಗ ಆ ಸಾಲನ್ನು ಬಿಟ್ಟವಳು ನಾನು. ಕೈತಪ್ಪಿ ಅಲ್ಲ. ರಕ್ಷಣೆ ಎಷ್ಟು ದಿನ ಜಾಸ್ತಿಯಾದರೆ ಅಷ್ಟು ಒಳ್ಳೆಯದು ಅಂದುಕೊಂಡೆ. ಅವರು ಓದದೆ ಸಹಿ ಹಾಕಿದಾಗ ಒಳಗೊಳಗೇ ಹಿಗ್ಗಿದ್ದೆ.

ಪುಸ್ತಕ ತೆಗೆದು ವೆಂಡೆಲ್‌ಗೆ ಓದಿ ಹೇಳಿದೆ.

"ನಮ್ಮ ಪೋರ್ಚುಗೀಸ್ ಕ್ಲಾಸಲ್ಲಿ ಹನ್ನೊಂದು ಜನಕ್ಕೆ ಈ ಪತ್ರ ಬಂದಿದೆ," ಎಂದ. "ನಂದೂ ಸೇರಿ ಏಳು ಜನರ ಸಾಮಾನು ಹೋಗಿದೆ. ಟೆಸ್ಸಾ ಮೊರಿಸೆಟ್‌ದು ಮುಂದಿನ ವಾರ ಕಟ್ಟಬೇಕಿತ್ತು. ಇನ್ನೂ ಮೂರು ಜನರದ್ದೂ ಹಾಗೇ. ಈ ಪುಸ್ತಕ ತೋರಿಸಿದ್ರೆ ಅವರ ಕಥೆ?"

"ಅವರಿಗೆ ಇದರಿಂದ ಉಪಯೋಗ ಇಲ್ಲ. ತೋರಿಸದೇ ಇದ್ರೆ ಹನ್ನೊಂದೂ ಜನ ಮನೆಗೆ."

"ಟೆಸ್ಸಾಗೆ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ. ಆದ್ರೆ ಮೊದಲು ನಿನ್ನ ಜಗಳ."

ಗುರುವಾರ ಇಲಾಖೆಯಲ್ಲಿ ಅಹವಾಲಿನ ವಿಚಾರಣೆ. ಎದುರಿಗೆ ಗ್ರಹಾಂ ಪೆವೆರೆಲ್, ಸಿಬ್ಬಂದಿ ವಿಭಾಗದ ನಿರ್ದೇಶಕ. ಅಂದು ಆ ಪುಸ್ತಕಕ್ಕೆ ಸಹಿ ಹಾಕಿದವನೂ ಅವನೇ.

"ಒಡೀಲ್, ನಿಮ್ಮ ಕಲಮನ್ನ ನಾವು ಅಕ್ಷರಶಃ ಪಾಲಿಸಿದ್ದೀವಿ," ಎಂದ, ಬಿಸ್ಕತ್ತು ಮುರಿಯುತ್ತ. "ಇದಕ್ಕೂ ಸಂಘಕ್ಕೆ ಬೇಜಾರಾದ್ರೆ ಹೇಗೆ?"

ನಾನು ಪುಸ್ತಕ ತೆರೆದು ಅವನ ಬಿಸ್ಕತ್ತಿನ ತಟ್ಟೆ ಪಕ್ಕಕ್ಕೆ ಸರಿಸಿ ಮುಂದಿಟ್ಟೆ. "ಇದನ್ನ ಪಾಲಿಸಿ."

ಅವನು ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದ. ಪುಟದ ಕೆಳಗಿನ ಸಹಿಯ ಮೇಲೆ ಹೆಬ್ಬೆರಳು ಒತ್ತಿದ.

"ಈ ಸಾಲು ಒಪ್ಪಂದದಲ್ಲಿ ಇಲ್ವಲ್ಲ?"

"ಇಲ್ಲ. ನಾನು ಬಿಟ್ಟೆ."

"ಮರೆತು?"

ಮರೆತು ಅಂದುಬಿಡಬಹುದಿತ್ತು. ಪಕ್ಕದಲ್ಲಿ ವೆಂಡೆಲ್ ಒದ್ದೆ ಶೂಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಕೂತಿದ್ದ.

"ಬೇಕಂತಲೇ," ಎಂದೆ.

ಪೆವೆರೆಲ್ ಹಿಂದಕ್ಕೆ ಒರಗಿದ. ಅವನ ಮುಖದಲ್ಲಿ ಹಬ್ಬ. "ಬರೆದುಕೊಡ್ತೀರಾ? ಸಹಿ ಹಾಕಿ? ವಸಂತದಲ್ಲಿ ನಿಮ್ಮ ಸಂಘದ ಚುನಾವಣೆ ಬೇರೆ ಇದೆ."

"ಪೆನ್ ಕೊಡಿ."

"ಯೋಚನೆ ಮಾಡಿ, ಒಡೀಲ್. ಇನ್ನು ಮೇಲೆ ನೀವು ಟೈಪು ಮಾಡಿದ್ದನ್ನೆಲ್ಲ ನಾನು ಎರಡು ಸಲ ಓದ್ತೀನಿ."

"ಓದಬೇಕಾದ್ದೇ. ಮೊದಲ ಸಲಾನೂ ಓದಬೇಕಿತ್ತು."

ಬರೆದೆ. ನಾಚಿಕೆಯಾಯಿತು, ಆದರೂ ಕೊನೆಯ ಚುಕ್ಕಿಯವರೆಗೂ ಬರೆದೆ. ಸಹಿ ಹಾಕಿ ಹಾಳೆಯನ್ನು ಅವನತ್ತ ತಳ್ಳದೆ ಅಂಗೈ ಕೆಳಗೇ ಇಟ್ಟುಕೊಂಡೆ.

"ಏಳು ಜನರ ಆದೇಶ ಮೊದಲು. ಇವನೊಬ್ಬನದಲ್ಲ, ಏಳೂ ಜನರದು. ಇಲ್ಲದಿದ್ರೆ ಇದೇ ಪುಸ್ತಕ ಹಿಡ್ಕೊಂಡು ಹೊರಗಿನ ನ್ಯಾಯಮಂಡಳಿಗೆ ಹೋಗ್ತೀನಿ. ಅಲ್ಲಿ ನಿಮ್ಮ ಸಹೀನೂ ಓದ್ತಾರೆ."

ಅವನು ಒಂದು ಗಂಟೆ ಸಮಯ ಕೇಳಿದ. ನಾವು ಕಾರಿಡಾರಿನಲ್ಲಿ ಕೂತೆವು. ವೆಂಡೆಲ್ ಶೂ ಬಿಚ್ಚಿ ಕಾಲನ್ನು ಬಿಸಿಗಾಳಿಯ ಕೊಳವೆಗೆ ಒಡ್ಡಿದ. ಐವತ್ತು ನಿಮಿಷಕ್ಕೆ ಬಾಗಿಲು ತೆರೆಯಿತು, ಪೆವೆರೆಲ್‌ನ ಕೈಯಲ್ಲಿ ಏಳು ಹಾಳೆಗಳಿದ್ದವು.

ಎರಡನೆಯದರಲ್ಲಿ ವೆಂಡೆಲ್‌ನ ಹೆಸರಿತ್ತು. ಮಪುಟೋ, ಜನವರಿ ಆರು. ಅವನು ಅಲ್ಲೇ ನಿಂತು ಹೆಂಡತಿಗೆ ಫೋನು ಮಾಡಿ, "ಸೋಫಾ ಒಂಟಿ ಅಲ್ಲ ಕಣೇ," ಎಂದು ಹೇಳಿ ಅತ್ತುಬಿಟ್ಟ.

ನಾನು ನನ್ನ ಹಾಳೆಯನ್ನು ಪೆವೆರೆಲ್‌ಗೆ ಕೊಟ್ಟೆ. ಅದರದೊಂದು ಪ್ರತಿಯನ್ನು ಅವನಿಗಿಂತ ಮುಂಚೆ ನಾನೇ ಎಲ್ಲ ಸದಸ್ಯರಿಗೂ ಕಳಿಸಿದೆ. ಉತ್ತರಗಳು ಬಂದವು. ಅರ್ಧ ಬೈಗುಳ, ಅರ್ಧ ಮೌನ. ಬೈಗುಳವೇ ಮೇಲು ಅನ್ನಿಸಿತು.

ಟೆಸ್ಸಾಗೆ ಆ ಗುರುವಾರವೇ ಫೋನು ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದ್ದೆ. ಅವಳು ಫೋನು ಇಟ್ಟುಬಿಟ್ಟಿದ್ದಳು. ಇನ್ನು ಸಂಘದ ಬಾಗಿಲಿಗೆ ಬರುವುದಿಲ್ಲ ಅಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ಅವಳು ಹೊರಗೆ ನಿಂತಿದ್ದಳು, ಕೈಯಲ್ಲಿ ಅದೇ ಪತ್ರ. ಒಳಗೆ ಬರುವ ಮುಂಚೆ ಹೊಸ್ತಿಲಲ್ಲಿ ಕಾಲು ಝಾಡಿಸಿ ಹಿಮ ಉದುರಿಸಿದಳು. ಕಾಲಲ್ಲಿ ಮೊಣಕಾಲವರೆಗಿನ, ಉಣ್ಣೆ ಒಳಪದರದ, ಗಟ್ಟಿಯಾದ ಬೂಟುಗಳಿದ್ದವು.

ನಾನು ಅವನ್ನೇ ನೋಡುತ್ತಿದ್ದುದು ಅವಳಿಗೂ ತಿಳಿಯಿತು.

"ಹೌದು," ಎಂದಳು. "ನನ್ನ ಬೂಟು ಇನ್ನೂ ನನ್ನ ಹತ್ರಾನೇ ಇದೆ."

"ಕೂತ್ಕೋ. ಈಗ ನಿಮ್ಮ ನಾಲ್ಕು ಜನರ ಜಗಳ," ಎಂದು ಹೊಸ ಪುಸ್ತಕವೊಂದನ್ನು ತೆಗೆದು ಮೊದಲ ಪುಟದಲ್ಲಿ ಅವಳ ಹೆಸರು ಬರೆದೆ.